ಹಳದಿ ರೆಕ್ಕೆ, ಕರಿ ಚುಕ್ಕಿ: ಮಲೆನಾಡಿನ ಕಾಂಡ ಕೊರೆಯುವ ಪತಂಗದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಳೆಯ ಅಬ್ಬರ ತಗ್ಗಿ ಶುಂಠಿ ಪಟ್ಟೆಗಳಲ್ಲಿ ಅಲ್ಲೊಂದು ಇಲ್ಲೊಂದು ಸುಳಿ ಒಣಗಲು ಶುರುವಾಗುವ ಹೊತ್ತಿಗೆ, ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಒಂದೇ ಬಗೆಯ ಚಿತ್ರಗಳು ಮೊಬೈಲಿಗೆ ಬರತೊಡಗುತ್ತವೆ. ಹಳದಿ ಬಣ್ಣದ, ಮೈತುಂಬ ಕರಿ ಚುಕ್ಕಿಯ ಪುಟ್ಟ ಪತಂಗ. ಜೊತೆಗೆ ಬರುವ ಪ್ರಶ್ನೆಗಳೂ ಹೆಚ್ಚು ಕಡಿಮೆ ಅವೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲಿ ಒಂದೆಡೆ ಬರೆದಿಟ್ಟಿದ್ದೇನೆ. ಕೇಳುವವರಲ್ಲಿ ಬೆಳೆಗಾರರಿದ್ದಾರೆ, ಜೀವಶಾಸ್ತ್ರದ ವಿದ್ಯಾರ್ಥಿಗಳಿದ್ದಾರೆ, ರಾತ್ರಿ ದೀಪದ ಕೆಳಗೆ ಕ್ಯಾಮೆರಾ ಹಿಡಿದು ಕೂರುವ ಹವ್ಯಾಸಿಗಳೂ ಇದ್ದಾರೆ. ನಿಮಗೆ ಬೇಡದ ಪ್ರಶ್ನೆಯನ್ನು ದಾಟಿ ಮುಂದೆ ಹೋಗಬಹುದು.

ಈ ಪತಂಗದ ಹೆಸರೇನು?

ಕುಲದ ಹೆಸರು ಕೋನೋಗೆಥೀಸ್. ಇಷ್ಟನ್ನು ಒಳ್ಳೆಯ ಚಿತ್ರವೊಂದಿದ್ದರೆ ಧೈರ್ಯವಾಗಿ ಹೇಳಬಹುದು. ಅದರ ಮುಂದಿನ ಹೆಸರು, ಅಂದರೆ ಪ್ರಭೇದ ಯಾವುದು ಎಂಬಲ್ಲಿ ಕಷ್ಟ ಶುರುವಾಗುತ್ತದೆ. ನಮ್ಮ ತೋಟ ಗದ್ದೆಗಳ ಮಟ್ಟಿಗೆ ಮುಖ್ಯವಾಗಿ ಎರಡು ಹೆಸರುಗಳು ಲೆಕ್ಕಕ್ಕೆ ಬರುತ್ತವೆ. ಒಂದು ಕೋನೋಗೆಥೀಸ್ ಪಂಕ್ಟಿಫೆರಾಲಿಸ್. ಹರಳು, ಸೀಬೆ, ದಾಳಿಂಬೆ, ಕೋಕೋ ಹೀಗೆ ಹಲವು ಗಿಡಗಳ ಕಾಯಿ ಕೊರೆಯುವುದು. ಇನ್ನೊಂದು ಕೋನೋಗೆಥೀಸ್ ಸಹ್ಯಾದ್ರಿಯೆನ್ಸಿಸ್, ಏಲಕ್ಕಿಯನ್ನು ಕಾಡುವುದು. ಬೆಳೆಗಾರರಿಗೆ ಕೊಡುವ ಕರಪತ್ರಗಳಲ್ಲಿ ಇವನ್ನು ಕಾಂಡ ಕೊರೆಯುವ ಹುಳು ಎಂದೂ, ಏಲಕ್ಕಿಯಲ್ಲಾದರೆ ಕಾಂಡ ಮತ್ತು ಕಾಯಿ ಕೊರೆಯುವ ಹುಳು ಎಂದೂ ಬರೆಯುತ್ತಾರೆ. ತೋಟದಲ್ಲಿ ದುಡಿಯುವವರಿಗೆ ಹುಳು ಚೆನ್ನಾಗಿ ಗೊತ್ತು. ಅದೇ ಹುಳು ಬೆಳೆದು ಈ ಚೆಂದದ ಪತಂಗವಾಗುತ್ತದೆ ಎಂದರೆ ಹಲವರು ನಂಬುವುದಿಲ್ಲ.

ಪತಂಗ ನೋಡಲು ಹೇಗಿರುತ್ತದೆ?

ಚಿಕ್ಕದು. ರೆಕ್ಕೆ ಬಿಚ್ಚಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು 20ರಿಂದ 25 ಮಿಲಿಮೀಟರ್. ರೆಕ್ಕೆಯ ಮೂಲ ಬಣ್ಣ ಒಣಹುಲ್ಲಿನ ಹಳದಿಯಿಂದ ಕಿತ್ತಳೆ ಬೆರೆತ ಹಳದಿಯವರೆಗೆ. ಅದರ ಮೇಲೆ ಕಪ್ಪು ಚುಕ್ಕಿಗಳು: ಮುಂದಿನ ರೆಕ್ಕೆಯಲ್ಲಿ ಹೆಚ್ಚು, ಹಿಂದಿನ ರೆಕ್ಕೆಯಲ್ಲಿ ಕಡಿಮೆ. ಚುಕ್ಕಿಗಳು ಚೆಲ್ಲಾಪಿಲ್ಲಿಯಾಗಿ ಎರಚಿದಂತೆ ಕಂಡರೂ ಸ್ವಲ್ಪ ಹೊತ್ತು ದಿಟ್ಟಿಸಿದರೆ ರೆಕ್ಕೆಯ ಅಡ್ಡಕ್ಕೆ ಅಂಕುಡೊಂಕಾಗಿ ಸಾಗುವ ಸಾಲುಗಳು ಕಣ್ಣಿಗೆ ಸಿಗುತ್ತವೆ. ಇದರ ಹತ್ತಿರದ ಬಂಧುಗಳಲ್ಲಿ ರೆಕ್ಕೆಯ ಮೇಲೆ ಅಡ್ಡಗೆರೆಗಳಿರುತ್ತವೆ. ಆ ಗೆರೆ ತುಂಡಾಗಿ ಉಳಿದದ್ದೇ ಈ ಚುಕ್ಕಿ ಎಂದುಕೊಂಡರೆ ನೆನಪಿಡಲು ಸುಲಭ.

ಚುಕ್ಕಿ ರೆಕ್ಕೆಗೆ ಮಾತ್ರ ಸೀಮಿತವಲ್ಲ. ಎದೆಯ ಭಾಗದ ಮೇಲೂ ಉದರದ ಉಂಗುರಗಳ ಮೇಲೂ ಇರುತ್ತವೆ. ಹಳದಿ ಪತಂಗ ಕಂಡಾಗ ನಾನು ಮೊದಲು ನೋಡುವುದು ಬೆನ್ನನ್ನೇ. ರೆಕ್ಕೆಯಲ್ಲಿ ಚುಕ್ಕಿ ಇದ್ದು ಬೆನ್ನು ಬೋಳಾಗಿದ್ದರೆ ಬೇರೆ ಕಡೆ ಹುಡುಕಬೇಕು.

ಕೂರುವ ಭಂಗಿಯೂ ಗುರುತಿಗೆ ಒದಗುತ್ತದೆ. ಗೋಡೆಯ ಮೇಲೆ ಕೂತಾಗ ರೆಕ್ಕೆಗಳನ್ನು ಮೈಗೆ ಸುತ್ತಿಕೊಳ್ಳದೆ ಎರಡೂ ಬದಿಗೆ ಚಪ್ಪಟೆಯಾಗಿ ಹರಡಿಕೊಳ್ಳುತ್ತದೆ, ಮೇಲಿನಿಂದ ತ್ರಿಕೋನದಂತೆ ಕಾಣುತ್ತದೆ. ಹಿಂದಿನ ರೆಕ್ಕೆ ಪೂರ್ತಿ ಮುಚ್ಚಿಹೋಗುವುದಿಲ್ಲ, ಉದರವೂ ನಡುವೆ ಕಾಣುತ್ತಿರುತ್ತದೆ. ಕುಡಿಮೀಸೆಗಳು ದಾರದಂತೆ ತೆಳ್ಳಗೆ, ಹಿಂದಕ್ಕೆ ಬಾಗಿ ರೆಕ್ಕೆಯ ಮೇಲೆ ಒರಗಿರುತ್ತವೆ. ಕಾಲುಗಳು ಉದ್ದ, ಸಣಕಲು. ಭೂತಗನ್ನಡಿ ಹಿಡಿದರೆ ಮುಖದ ಮುಂದೆ ಮೇಲಕ್ಕೆ ಬಾಗಿದ ಎರಡು ಪುಟ್ಟ ಪಾಲ್ಪ್‌ಗಳು, ಅಂದರೆ ಬಾಯಿಯ ಪಕ್ಕದ ಸ್ಪರ್ಶಾಂಗಗಳು, ಕಾಣುತ್ತವೆ.

ಗಂಡು ಹೆಣ್ಣು ಬೇರೆ ಮಾಡುವುದು ಹೇಗೆ?

ಉದರದ ತುದಿ ನೋಡಿ. ಗಂಡಿನ ಉದರ ತೆಳ್ಳಗಿದ್ದು ತುದಿಯಲ್ಲಿ ಕಪ್ಪು ಕೂದಲಿನ ಕುಚ್ಚು ಇರುತ್ತದೆ. ಹೆಣ್ಣಿನ ಉದರ ದಪ್ಪ, ಮೊಟ್ಟೆ ತುಂಬಿದ್ದರೆ ಇನ್ನೂ ದಪ್ಪ, ತುದಿಯಲ್ಲಿ ಅಂಥ ಎದ್ದು ಕಾಣುವ ಕಪ್ಪು ಕುಚ್ಚು ಇರುವುದಿಲ್ಲ.

ಹೆಣ್ಣು ರಾತ್ರಿ ಒಂದು ವಾಸನೆ ಬಿಟ್ಟು ಗಂಡನ್ನು ಕರೆಯುತ್ತದೆ. ಪಂಕ್ಟಿಫೆರಾಲಿಸ್‌ನಲ್ಲಿ ಆ ವಾಸನೆಯ ದೊಡ್ಡ ಪಾಲು ಇ-10-ಹೆಕ್ಸಾಡೆಸಿನಾಲ್ ಎಂಬ ರಾಸಾಯನಿಕ. ಮೋಹಕ ಬಲೆಗಳಲ್ಲಿ ಇಡುವುದೂ ಇದನ್ನೇ. ಹತ್ತಿರ ಬಂದ ಗಂಡು ನಮ್ಮ ಕಿವಿಗೆ ಕೇಳದಷ್ಟು ಸೂಕ್ಷ್ಮ ದನಿಯಲ್ಲಿ ಹಾಡುತ್ತದೆ. ಜಪಾನಿನಲ್ಲಿ ನಡೆದ ಪ್ರಯೋಗಗಳಲ್ಲಿ ಈ ಹಾಡಿಗೆ ಎರಡು ಭಾಗಗಳಿರುವುದು ಕಂಡುಬಂದಿದೆ. ಚಿಕ್ಕ ಚಿಕ್ಕ ಮಿಡಿತಗಳು ಪಕ್ಕದಲ್ಲಿ ಸುಳಿಯುವ ಬೇರೆ ಗಂಡುಗಳನ್ನು ದೂರವಿಡುತ್ತವೆ. ಕೊನೆಯ ಉದ್ದನೆಯ ಮಿಡಿತ ಕೇಳಿದ ಹೆಣ್ಣು ರೆಕ್ಕೆ ಎತ್ತಿ ಒಪ್ಪಿಗೆ ಕೊಡುತ್ತದೆ. ಶುಂಠಿ ಗದ್ದೆಯ ಕತ್ತಲೆಯಲ್ಲಿ ಇಷ್ಟೆಲ್ಲ ನಡೆಯುತ್ತಿದ್ದರೂ ನಮಗೆ ಕೇಳುವುದು ಜೀರುಂಡೆ ಮಾತ್ರ.

ಚುಕ್ಕಿ ಎಣಿಸಿ ಪ್ರಭೇದ ಹೇಳಬಹುದೇ?

ಆಗುವುದಿಲ್ಲ. ಅತಿ ಹೆಚ್ಚು ಬರುವ ಪ್ರಶ್ನೆ ಇದು, ಅತಿ ಹೆಚ್ಚು ತಪ್ಪು ಗುರುತುಗಳಿಗೆ ಕಾರಣವೂ ಇದೇ ಲೆಕ್ಕ. ಚುಕ್ಕಿಗಳ ಗಾತ್ರ ಒಂದೇ ತಾಯಿಯ ಮರಿಗಳಲ್ಲೂ ಏರುಪೇರಾಗುತ್ತದೆ. ಎರಡು ಚುಕ್ಕಿ ಕೂಡಿ ಒಂದಾಗಿರುವುದುಂಟು, ಒಂದು ಚುಕ್ಕಿ ಮಸುಕಾಗಿ ಇಲ್ಲವೇ ಇಲ್ಲ ಎನ್ನುವಂತೆ ಇರುವುದುಂಟು. ಇನ್ನು ಪತಂಗದ ರೆಕ್ಕೆಯ ಬಣ್ಣವೆಲ್ಲ ಇರುವುದು ಮೇಲೆ ಹೆಂಚು ಹೊದಿಸಿದಂತೆ ಜೋಡಿಸಿರುವ ಹುರುಪೆಗಳಲ್ಲಿ. ಕೆಲವು ರಾತ್ರಿ ಹಾರಾಡಿ, ಎಲೆಗಳಿಗೆ ಉಜ್ಜಿ, ಮಳೆಗೆ ಸಿಕ್ಕಿದ ಪತಂಗದಲ್ಲಿ ಆ ಹುರುಪೆಗಳು ಉದುರಿರುತ್ತವೆ, ಚುಕ್ಕಿಗಳೂ ಅವುಗಳ ಜೊತೆ ಹೋಗಿರುತ್ತವೆ. ಆಗಷ್ಟೇ ಕೋಶದಿಂದ ಹೊರಬಂದದ್ದು ಕಿತ್ತಳೆಯತ್ತ ವಾಲಿದರೆ ಹಳೆಯದು ಬಿಳಿಚಿಕೊಂಡು ಬೆಣ್ಣೆಯ ಬಣ್ಣಕ್ಕೆ ತಿರುಗಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟರೆ ಎರಡು ಪ್ರಭೇದ ಎಂದೇ ಅನಿಸುತ್ತದೆ.

ಚುಕ್ಕಿ ನಿಮ್ಮನ್ನು ಕುಲದವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದೆ ದಾರಿ ತೋರಿಸುವುದು ಹುಳು ಯಾವ ಗಿಡದಲ್ಲಿ ಬೆಳೆದಿತ್ತು ಎಂಬ ಮಾಹಿತಿ, ಆಮೇಲೆ ಪ್ರಯೋಗಾಲಯ.

ವರ್ಗೀಕರಣದಲ್ಲಿ ಇದರ ಜಾಗ ಎಲ್ಲಿ?

ಮೇಲಿನಿಂದ ಇಳಿಯೋಣ. ಚಿಟ್ಟೆ ಮತ್ತು ಪತಂಗಗಳೆರಡೂ ಸೇರಿದ ಗಣ ಲೆಪಿಡಾಪ್ಟೆರ. ಅದರೊಳಗೆ ಪೈರಾಲಾಯ್ಡಿಯ ಎಂಬ ದೊಡ್ಡ ಗುಂಪು. ಅದರಲ್ಲಿ ಕ್ರಾಂಬಿಡೆ ಕುಟುಂಬ. ಅದರಲ್ಲಿ ಸ್ಪೈಲೋಮೆಲಿನೆ ಉಪಕುಟುಂಬ. ಅದರಲ್ಲಿ ಮಾರ್ಗರೋನಿಯಿನಿ ಎಂಬ ಪಂಗಡ. ಅದರಲ್ಲಿ ಕೋನೋಗೆಥೀಸ್ ಕುಲ. ಸ್ಪೈಲೋಮೆಲಿನೆ ಬಳಗದಲ್ಲಿ 4,000ಕ್ಕೂ ಹೆಚ್ಚು ಪ್ರಭೇದಗಳಿವೆ, ಹೆಚ್ಚಿನವು ಉಷ್ಣವಲಯದವು. 2019ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಈ ಉಪಕುಟುಂಬವನ್ನು 13 ಪಂಗಡಗಳಾಗಿ ವಿಂಗಡಿಸಿತು.

ಈ ಬಳಗದ ಕೆಲವರನ್ನು ನೀವು ಬೇರೆ ಹೆಸರಲ್ಲಿ ಬಲ್ಲಿರಿ. ಭತ್ತದ ಎಲೆ ಮಡಚುವ ಹುಳು ಬೆಳೆದು ಆಗುವ ಪತಂಗ ಇದೇ ಉಪಕುಟುಂಬದ್ದು. ಸೌತೆ ಬಳ್ಳಿಯ ಎಲೆ ತಿನ್ನುವ ಹಸಿರು ಹುಳುವಿನಿಂದ ಬರುವ, ಮುತ್ತಿನಂಥ ಬಿಳಿ ರೆಕ್ಕೆಗೆ ಕಂದು ಅಂಚಿರುವ, ಬಾಲದ ಕುಚ್ಚನ್ನು ಅರಳಿಸಿಕೊಂಡು ಕೂರುವ ಪತಂಗವಂತೂ ಇದೇ ಪಂಗಡದ್ದು.

ಹಳೆಯ ಪುಸ್ತಕಗಳಲ್ಲಿ ಪೈರಾಲಿಡೆ ಕುಟುಂಬ ಎಂದಿದೆ. ಯಾವುದು ಸರಿ?

ಇಂದಿನ ಲೆಕ್ಕದಲ್ಲಿ ಕ್ರಾಂಬಿಡೆ. ಬ್ರಿಟಿಷ್ ಕೀಟತಜ್ಞ ಜಾರ್ಜ್ ಹ್ಯಾಂಪ್ಸನ್ 1896ರಲ್ಲಿ ಬ್ರಿಟಿಷ್ ಇಂಡಿಯಾದ ಪತಂಗಗಳ ನಾಲ್ಕನೆಯ ಸಂಪುಟ ಬರೆದಾಗ ಇವೆಲ್ಲವನ್ನೂ ಪೈರಾಲಿಡೆ ಎಂಬ ಒಂದೇ ಕುಟುಂಬದಲ್ಲಿ ಇಟ್ಟಿದ್ದ. ನಮ್ಮ ಕೃಷಿ ಪಠ್ಯಗಳು ಬಹುಕಾಲ ಅದನ್ನೇ ಅನುಸರಿಸಿದವು, ಕೆಲವು ಈಗಲೂ ಅನುಸರಿಸುತ್ತಿವೆ.

ಎರಡೂ ಕುಟುಂಬಗಳಿಗೆ ಸಮಾನವಾದ ಲಕ್ಷಣಗಳಿವೆ: ಸುರುಳಿ ಸುತ್ತಿದ ಸೊಂಡಿಲಿನ ಬುಡದಲ್ಲಿ ಹುರುಪೆ ಇರುತ್ತದೆ, ಕಿವಿ ಉದರದ ಬುಡದಲ್ಲಿ ಇರುತ್ತದೆ. ಹೌದು, ಹೊಟ್ಟೆಯಲ್ಲೇ ಕಿವಿ. ಬಾವಲಿಯ ದನಿ ಕೇಳಿ ತಪ್ಪಿಸಿಕೊಳ್ಳಲು ಅದು ಬೇಕು. ಆ ಕಿವಿಯ ಗೂಡು ಮುಂಭಾಗಕ್ಕೆ ತೆರೆದಿದ್ದು, ಅಲ್ಲೊಂದು ಪುಟ್ಟ ಪೊರೆಯಂಥ ರಚನೆ ಇದ್ದರೆ ಕ್ರಾಂಬಿಡೆ. ಗೂಡು ಮುಚ್ಚಿಕೊಂಡಿದ್ದು ಆ ರಚನೆ ಇಲ್ಲದಿದ್ದರೆ ಪೈರಾಲಿಡೆ. ಅಕ್ಕಿ ಡಬ್ಬಿಯಲ್ಲಿ ಜೇಡರ ಬಲೆಯಂಥ ಎಳೆ ಕಟ್ಟುವ ಹುಳುವಿನ ಪತಂಗ, ಜೇನುಪೆಟ್ಟಿಗೆ ಹಾಳುಗೆಡವುವ ಮೇಣದ ಪತಂಗ, ಇವು ಪೈರಾಲಿಡೆಯಲ್ಲೇ ಉಳಿದವು. ನಮ್ಮ ಹಳದಿ ಪತಂಗ ಆಚೆ ಮನೆಗೆ ಹೋಯಿತು.

ಡೈಕೋಕ್ರೋಸಿಸ್ ಪಂಕ್ಟಿಫೆರಾಲಿಸ್ ಎಂದೂ ಓದಿದ ನೆನಪು. ಅದು ಬೇರೆಯೇ?

ಅದೇ ಪತಂಗ. ಫ್ರಾನ್ಸಿನ ವಕೀಲನೂ ಕೀಟತಜ್ಞನೂ ಆಗಿದ್ದ ಅಷಿಲ್ ಗೆನೆ 1854ರಲ್ಲಿ ಇದನ್ನು ಅಸ್ಟುರಾ ಪಂಕ್ಟಿಫೆರಾಲಿಸ್ ಎಂದು ವಿವರಿಸಿದ. ಕೋನೋಗೆಥೀಸ್ ಎಂಬ ಕುಲವನ್ನು ಕಟ್ಟಿದ್ದು ಎಡ್ವರ್ಡ್ ಮೇರಿಕ್, 1884ರಲ್ಲಿ. ಆತ ವೃತ್ತಿಯಿಂದ ಶಾಲಾ ಶಿಕ್ಷಕ. ನಡುವೆ ಡೈಕೋಕ್ರೋಸಿಸ್ ಕುಲದಲ್ಲೂ ಇಟ್ಟಿದ್ದರು, ಭಾರತದ ಕೃಷಿ ಬರಹಗಳಲ್ಲಿ ಆ ಹೆಸರು ದಶಕಗಳ ಕಾಲ ನಡೆಯಿತು. ಹಳೆಯ ಸಂಶೋಧನೆಗಳನ್ನು ಹುಡುಕುವ ವಿದ್ಯಾರ್ಥಿಗಳು ಎರಡೂ ಹೆಸರುಗಳಲ್ಲಿ ಹುಡುಕಬೇಕು, ಇಲ್ಲವಾದರೆ ಅರ್ಧ ಸಾಹಿತ್ಯ ಕೈತಪ್ಪುತ್ತದೆ.

ಪಂಕ್ಟಿಫೆರಾಲಿಸ್ ಮುಂದೆ ಗೆನೆಯ ಹೆಸರು ಕಂಸದೊಳಗೆ ಇರುತ್ತದೆ, ಸಹ್ಯಾದ್ರಿಯೆನ್ಸಿಸ್ ಮುಂದೆ ಲೇಖಕರ ಹೆಸರಿಗೆ ಕಂಸವಿಲ್ಲ. ಅಚ್ಚಿನ ತಪ್ಪೇ?

ತಪ್ಪಲ್ಲ, ನಿಯಮ. ಪ್ರಾಣಿಗಳ ಹೆಸರಿನ ಅಂತಾರಾಷ್ಟ್ರೀಯ ಸಂಹಿತೆಯ ಪ್ರಕಾರ, ಮೊದಲು ವಿವರಿಸಿದವರು ಇಟ್ಟ ಕುಲದಿಂದ ಆ ಪ್ರಭೇದ ಬೇರೆ ಕುಲಕ್ಕೆ ಹೋದರೆ ಅವರ ಹೆಸರಿಗೆ ಕಂಸ ಹಾಕಬೇಕು. ಗೆನೆ ಇಟ್ಟದ್ದು ಅಸ್ಟುರಾದಲ್ಲಿ, ಈಗ ಇರುವುದು ಕೋನೋಗೆಥೀಸ್‌ನಲ್ಲಿ, ಹಾಗಾಗಿ ಕಂಸ. ಸಹ್ಯಾದ್ರಿಯೆನ್ಸಿಸ್ ಹುಟ್ಟಿದ ಮನೆಯಲ್ಲೇ ಇದೆ. ಪ್ರಬಂಧ ಬರೆಯುವ ವಿದ್ಯಾರ್ಥಿಗಳು ಈ ಕಂಸವನ್ನು ಮನಬಂದಂತೆ ಹಾಕಿ ತೆಗೆದು ಮಾಡುವುದನ್ನು ನೋಡಿದ್ದೇನೆ. ಪರೀಕ್ಷಕರು ಸಾಮಾನ್ಯವಾಗಿ ಮೊದಲು ಕಣ್ಣು ಹಾಯಿಸುವುದೇ ಅಲ್ಲಿಗೆ.

ಸಹ್ಯಾದ್ರಿಯೆನ್ಸಿಸ್ ಯಾವಾಗ ಬೇರೆಯಾಯಿತು, ಹೇಗೆ?

2018ರಲ್ಲಿ. ಶಶಾಂಕ್, ಕಮ್ಮಾರ, ಮಾಲಿ ಮತ್ತು ಚಕ್ರವರ್ತಿ ಎಂಬ ನಾಲ್ವರು ಝೂಟ್ಯಾಕ್ಸಾ ಪತ್ರಿಕೆಯಲ್ಲಿ ಏಲಕ್ಕಿಯ ಕಾಂಡ ಮತ್ತು ಕಾಯಿ ಕೊರೆಯುವ ಪತಂಗವನ್ನು ಹೊಸ ಪ್ರಭೇದವೆಂದು ವಿವರಿಸಿದರು. ಅಲ್ಲಿಯವರೆಗೆ ಹರಳಿನ ಕಾಯಿ ಕೊರೆಯುವುದೂ ಏಲಕ್ಕಿ ಕೊರೆಯುವುದೂ ಒಂದೇ, ಎರಡೂ ಪಂಕ್ಟಿಫೆರಾಲಿಸ್ ಎಂದೇ ಲೆಕ್ಕ.

ಅನುಮಾನ ಮಾತ್ರ ಹಳೆಯದು. ಬಯಲುಸೀಮೆಯ ಹರಳಿನ ಹೊಲದಲ್ಲಿ ಬೆಳೆದ ಪತಂಗವೂ ಮಲೆನಾಡಿನ ಏಲಕ್ಕಿ ತೋಟದಲ್ಲಿ ಬೆಳೆದ ಪತಂಗವೂ ನಡವಳಿಕೆಯಲ್ಲಿ ಒಂದೇ ತೆರನಲ್ಲ ಎಂದು ಕೀಟತಜ್ಞರು ಬಹಳ ಹಿಂದೆಯೇ ಗಮನಿಸಿದ್ದರು. ಇಂಥ ಗುಂಪುಗಳನ್ನು ಆಸರೆ ಗಿಡದ ಮೇಲಿನ ಒಳಬಳಗಗಳು ಎಂದು ಕರೆದು ಅಲ್ಲಿಗೆ ನಿಲ್ಲಿಸುವುದು ವಾಡಿಕೆ. ಮೈಯ ರಚನೆ, ಅದರಲ್ಲೂ ಜನನಾಂಗದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿ, ಜೊತೆಗೆ ಮೈಟೊಕಾಂಡ್ರಿಯದ ಸಿಒಐ ಎಂಬ ಜೀನಿನ ಡಿಎನ್‌ಎ ಓದಿದ ಮೇಲೆ, ಇವು ಬರೀ ಒಳಬಳಗಗಳಲ್ಲ, ಬೇರೆ ಪ್ರಭೇದಗಳೇ ಎಂಬುದು ನಿಂತಿತು. ಪ್ರಾಣಿಗಳ ಡಿಎನ್‌ಎ ಬಾರ್‌ಕೋಡ್ ಎಂದು ಬಳಸುವುದು ಈ ಜೀನಿನ 658 ಅಕ್ಷರಗಳ ತುಣುಕನ್ನು.

ಜಪಾನಿನಲ್ಲೂ ಇದೇ ಕಥೆ ಮೊದಲೇ ನಡೆದಿತ್ತು. ಅಲ್ಲಿ ಹಣ್ಣು ಕೊರೆಯುವ ಮತ್ತು ಪೈನ್ ಮರದ ಎಲೆ ತಿನ್ನುವ ಎರಡು ಬಗೆಗಳನ್ನು ಒಂದೇ ಎಂದುಕೊಂಡಿದ್ದರು. 2006ರಲ್ಲಿ ಪೈನ್ ತಿನ್ನುವುದನ್ನು ಕೋನೋಗೆಥೀಸ್ ಪಿನಿಕೊಲಾಲಿಸ್ ಎಂದು ಬೇರ್ಪಡಿಸಿದರು.

ಏಲಕ್ಕಿಯನ್ನು ಶತಮಾನಗಳಿಂದ ಬೆಳೆಯುತ್ತಿರುವ ನಾಡಿನಲ್ಲಿ, ದಶಕಗಳಿಂದ ಔಷಧಿ ಹೊಡೆಯುತ್ತಿರುವ ಕೀಟಕ್ಕೆ 2018ರವರೆಗೆ ಸ್ವಂತ ಹೆಸರಿರಲಿಲ್ಲ ಎಂಬುದು ನನಗೆ ಈಗಲೂ ಸೋಜಿಗವೇ.

ಹೆಸರು ಬದಲಾದರೆ ಬೆಳೆಗಾರನಿಗೆ ಏನು ಲಾಭ?

ಒಂದು ಪ್ರಭೇದಕ್ಕೆ ಒಗ್ಗುವ ಮೋಹಕ ವಾಸನೆಗೆ ಇನ್ನೊಂದು ಪ್ರಭೇದದ ಗಂಡು ಬರುತ್ತದೆ ಎಂಬ ಖಾತರಿಯಿಲ್ಲ. ಹರಳಿನ ಹೊಲದಲ್ಲಿ ಚೆನ್ನಾಗಿ ನಡೆದ ಬಲೆಯನ್ನು ಏಲಕ್ಕಿ ತೋಟಕ್ಕೆ ತಂದು ಕಟ್ಟಿ, ಪತಂಗ ಬೀಳಲಿಲ್ಲವೆಂದ ಮಾತ್ರಕ್ಕೆ ತೋಟದಲ್ಲಿ ಕೀಟವಿಲ್ಲ ಎಂದು ನಿಶ್ಚಿಂತೆಯಾಗಿ ಕೂತರೆ ನಷ್ಟ ನಮ್ಮದು. ಹಾಗೆಯೇ ಪಕ್ಕದ ಹರಳು ಗಿಡ ಕಿತ್ತರೆ ಏಲಕ್ಕಿ ಉಳಿಯುತ್ತದೆ ಎಂಬ ಸಲಹೆಯನ್ನೂ ಈ ಬೆಳಕಿನಲ್ಲಿ ಮತ್ತೊಮ್ಮೆ ಯೋಚಿಸಬೇಕು. ಏಲಕ್ಕಿಯ ಬಂಧುಗಳಾದ ಕಾಡು ಶುಂಠಿ, ಕಾಡು ಅರಿಶಿನದ ಜಾತಿಯ ಗಿಡಗಳು ನಮ್ಮ ತೋಟದಂಚಿನ ಹಳ್ಳಗಳಲ್ಲಿ ಧಾರಾಳವಾಗಿವೆ. ಕಣ್ಣಿಡಬೇಕಾದದ್ದು ಅವುಗಳ ಮೇಲೆ.

ಕಣ್ಣಿನಿಂದ ನೋಡಿ ಈ ಎರಡನ್ನು ಬೇರೆ ಮಾಡಲು ಆಗುವುದೇ ಇಲ್ಲವೇ?

ಗೋಡೆಯ ಮೇಲೆ ಕೂತ ಪತಂಗದ ಚಿತ್ರದಿಂದ ಆಗುವುದಿಲ್ಲ. ಯಾರಾದರೂ ಬರೀ ಚಿತ್ರ ನೋಡಿ ಖಡಾಖಂಡಿತವಾಗಿ ಸಹ್ಯಾದ್ರಿಯೆನ್ಸಿಸ್ ಎಂದರೆ, ಯಾವ ಆಧಾರದಿಂದ ಎಂದು ಕೇಳಿ. ಏಲಕ್ಕಿಯ ಕಾಂಡ ಸೀಳಿ ತೆಗೆದ ಹುಳುವನ್ನು ಸಾಕಿ ಪತಂಗ ಬರಿಸಿದ್ದರೆ ಅದು ಬೇರೆ ಮಾತು. ಆಗ ಗಿಡವೇ ಬಲವಾದ ಸಾಕ್ಷಿ. ದೀಪಕ್ಕೆ ಬಂದದ್ದಾದರೆ ಕೋನೋಗೆಥೀಸ್ ಎಂದಷ್ಟೇ ಬರೆದು ನಿಲ್ಲಿಸುವುದು ಪ್ರಾಮಾಣಿಕ. ಕುಲದ ಹೆಸರಿನಲ್ಲಿ ನಿಂತ ದಾಖಲೆಯಿಂದ ಯಾರಿಗೂ ಹಾನಿಯಿಲ್ಲ. ತಪ್ಪು ಪ್ರಭೇದದ ಹೆಸರು ಒಮ್ಮೆ ನಕ್ಷೆಯ ಮೇಲೆ ಕೂತರೆ ಅದನ್ನು ಎಬ್ಬಿಸುವುದು ಕಷ್ಟ.

ಶುಂಠಿಯಲ್ಲಿ ಸಿಗುವುದು ಯಾವುದು?

ಶುಂಠಿ ಮತ್ತು ಅರಿಶಿನದ ಬೇಸಾಯ ಕೈಪಿಡಿಗಳು ಪಂಕ್ಟಿಫೆರಾಲಿಸ್ ಎಂಬ ಹೆಸರನ್ನೇ ಬಳಸುತ್ತಾ ಬಂದಿವೆ, ಅವುಗಳಲ್ಲಿ ಹೆಚ್ಚಿನವು 2018ಕ್ಕಿಂತ ಮೊದಲು ರೂಪುಗೊಂಡವು. ಶುಂಠಿಯೂ ಏಲಕ್ಕಿಯೂ ಒಂದೇ ಸಸ್ಯ ಕುಟುಂಬಕ್ಕೆ ಸೇರಿದವು ಎಂಬುದನ್ನು ಮರೆಯದೆ, ನಿಮ್ಮ ದಾಖಲೆಯಲ್ಲಿ ಶುಂಠಿಯ ಕಾಂಡದಿಂದ ಬಂದದ್ದು ಎಂದು ಸ್ಪಷ್ಟವಾಗಿ ಬರೆಯಿರಿ. ಸಾಗರ, ಸೊರಬ, ಶಿಕಾರಿಪುರದ ಕಡೆ ಇಷ್ಟು ಶುಂಠಿ ಬೆಳೆಯುವ ನಮ್ಮಿಂದ ಇಂಥ ದಾಖಲೆಗಳು ಹೆಚ್ಚು ಬರಬೇಕು.

ಇದರಂತೆಯೇ ಕಾಣುವ ಬೇರೆ ಪತಂಗಗಳಿವೆಯೇ?

ಮೋಸ ಮಾಡುವವು ಮುಖ್ಯವಾಗಿ ಎರಡು. ಗದ್ದೆ ಬಯಲಿನ ಮನೆಗಳಿಗೆ ಬರುವ ಭತ್ತದ ಹಳದಿ ಕಾಂಡಕೊರಕ ಮೊದಲನೆಯದು. ಹೆಣ್ಣಿಗೆ ಹಳದಿ ರೆಕ್ಕೆ, ಆದರೆ ಒಂದೊಂದು ಮುಂದಿನ ರೆಕ್ಕೆಯ ನಡುವೆ ಒಂದೇ ಒಂದು ಕಪ್ಪು ಚುಕ್ಕಿ, ಕೂತಾಗ ರೆಕ್ಕೆ ಮನೆಯ ಸೂರಿನಂತೆ ಇಳಿಜಾರು. ಅದೂ ಕ್ರಾಂಬಿಡೆ ಕುಟುಂಬದ್ದೇ, ಉಪಕುಟುಂಬ ಬೇರೆ.

ಎರಡನೆಯದು ಗಿಜಿಗಿಜಿ ಕಾಯಿಯ ಗಿಡ ಬೆಳೆಯುವ ಕಡೆ ಕಾಣುವ ಅರ್ಜಿನಾ ಆಸ್ಟ್ರಿಯ. ಕಿತ್ತಳೆ ಮೈ, ಕಪ್ಪು ಚುಕ್ಕಿ, ಹಾಗಾಗಿ ಚಿತ್ರದಲ್ಲಿ ಗೊಂದಲ ಸಹಜ. ಅದು ಹೆಚ್ಚು ಕಡಿಮೆ ಎರಡರಷ್ಟು ದೊಡ್ಡದು, ಮುಂದಿನ ರೆಕ್ಕೆಯ ಚುಕ್ಕಿಗಳ ಸುತ್ತ ಮಾಸಲು ಬಿಳಿಯ ಉಂಗುರ ಇರುತ್ತದೆ, ಮೈ ದಪ್ಪ. ಕುಟುಂಬವೂ ಬೇರೆ, ಎರೆಬಿಡೆ. ಪಕ್ಕದಲ್ಲಿ ಅಳತೆಗೆ ಏನೂ ಇಡದೆ ತೆಗೆದ ಚಿತ್ರದಲ್ಲಿ ಈ ಗೊಂದಲ ಹೆಚ್ಚು.

ಹುಳು ಹೇಗಿರುತ್ತದೆ?

ಒಣಗಿದ ಸುಳಿಯಿರುವ ಶುಂಠಿಯ ದಂಟೊಂದನ್ನು ಬುಡದಲ್ಲಿ ಕತ್ತರಿಸಿ ಉದ್ದಕ್ಕೆ ಸೀಳಿ. ನಡುವಿನ ಎಳೆಯ ಭಾಗ ಟೊಳ್ಳಾಗಿ, ಒದ್ದೆ ಮರದ ಹೊಟ್ಟಿನಂಥ ಹಿಕ್ಕೆ ತುಂಬಿರುತ್ತದೆ. ಅದರ ನಡುವೆ ತಲೆ ಕೆಳಗೋ ಮೇಲೋ ಆಗಿ ಹುಳು ಇರುತ್ತದೆ: ಕಂದು ತಲೆ, ತಿಳಿ ಗುಲಾಬಿ ಬೆರೆತ ಬೂದು ಅಥವಾ ತಿಳಿಗಂದು ಮೈ, ಮೈಮೇಲೆ ಸಾಲಾಗಿ ಕಂದು ಮಚ್ಚೆಗಳು, ಒಂದೊಂದು ಮಚ್ಚೆಯಿಂದ ಒಂದೆರಡು ತೆಳು ಕೂದಲು. ಬೆಳಕು ಬಿದ್ದ ಕೂಡಲೇ ಹಿಂದಕ್ಕೆ ಸರಿದು ಹಿಕ್ಕೆಯೊಳಗೆ ಹುದುಗಲು ನೋಡುತ್ತದೆ. ಪೂರ್ತಿ ಬೆಳೆದದ್ದು ಸುಮಾರು 25 ಮಿಲಿಮೀಟರ್. ಮುಟ್ಟಿದರೆ ತುರಿಸುವುದಿಲ್ಲ, ಇದು ಕಂಬಳಿಹುಳುವಲ್ಲ.

ಕೋಶವನ್ನೂ ಹೆಚ್ಚಾಗಿ ಅಲ್ಲೇ, ಕೊರೆದ ಬಿಲದೊಳಗೆ ತೆಳುವಾದ ರೇಷ್ಮೆ ಎಳೆಯ ನಡುವೆ ಕಟ್ಟುತ್ತದೆ.

ಸುಳಿ ಒಣಗಿದ್ದು ಹುಳುವಿನಿಂದಲೇ ಎಂದು ತಿಳಿಯುವುದು ಹೇಗೆ?

ದಂಟಿನ ಮೇಲೆ ತೂತು ಹುಡುಕಿ, ತೂತಿನ ಬಾಯಲ್ಲಿ ಹಿಕ್ಕೆ ಹುಡುಕಿ. ಎರಡೂ ಇದ್ದರೆ ಕೊರಕ. ಗೆಡ್ಡೆ ಕೊಳೆ ರೋಗದಲ್ಲೂ ಎಲೆ ಹಳದಿಯಾಗುತ್ತದೆ, ಆದರೆ ತೂತಿರುವುದಿಲ್ಲ, ದಂಟು ಹಿಡಿದು ಎಳೆದರೆ ಬುಡದಿಂದ ಸಲೀಸಾಗಿ ಕಿತ್ತು ಬರುತ್ತದೆ, ಕೆಟ್ಟ ವಾಸನೆಯೂ ಇರುತ್ತದೆ. ಏಲಕ್ಕಿಯಲ್ಲಿ ಎಳೆಯ ಹುಳು ಬಿಚ್ಚದ ಎಲೆಸುಳಿ, ಹೂಗೊಂಚಲು, ಎಳೆಗಾಯಿಗಳನ್ನು ಕೊರೆದು ಬೀಜ ತಿನ್ನುತ್ತದೆ. ಬೆಳೆದ ಹುಳು ಕಾಂಡಕ್ಕೆ ಇಳಿಯುತ್ತದೆ. ಹಳೆಯ ಬೆಳೆಗಾರರು ಕೆಲವೊಮ್ಮೆ ಎಲ್ಲ ಹಳದಿಯನ್ನೂ ಕಟ್ಟೆ ರೋಗದ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಕಟ್ಟೆ ವೈರಸ್ ರೋಗ, ಗಿಡದ ರಸ ಹೀರುವ ಸಸ್ಯಹೇನು ಹರಡುವುದು. ಅದರಲ್ಲಿ ಎಲೆಯ ಮೇಲೆ ತಿಳಿ ಮತ್ತು ಕಡು ಹಸಿರಿನ ಪಟ್ಟೆಗಳು ನಡುನರದಿಂದ ಅಂಚಿನವರೆಗೆ ಓಡುತ್ತವೆ.

ಏನು ಔಷಧಿ ಹೊಡೆಯಬೇಕು?

ಇದು ಗುರುತಿನ ಪುಟ, ಔಷಧಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನಿಮ್ಮ ಕೃಷಿ ವಿಜ್ಞಾನ ಕೇಂದ್ರವೋ ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯವೋ ಇದೆ. ಒಂದು ಮಾತು ಮಾತ್ರ: ಹುಳು ಕಾಂಡದೊಳಗೆ ಸೇರಿದ ಮೇಲೆ ಮೇಲಿನಿಂದ ಸುರಿದದ್ದು ಅದಕ್ಕೆ ತಾಗುವುದಿಲ್ಲ. ಜುಲೈ, ಆಗಸ್ಟಿನಲ್ಲಿ ಹಸಿ ಹಿಕ್ಕೆ ಕಂಡ ದಂಟುಗಳನ್ನು ಆಗಾಗ ಕತ್ತರಿಸಿ ತೆಗೆದು ನಾಶಮಾಡುವುದರಿಂದ ಶುಂಠಿಯಲ್ಲಿ ಒಳ್ಳೆಯ ಫಲ ಸಿಗುತ್ತದೆ. ಕತ್ತರಿಸಿದ್ದನ್ನು ಗದ್ದೆಯ ಬದಿಗೆ ಎಸೆದು ಬಂದರೆ ಹುಳು ಅಲ್ಲೇ ಕೋಶ ಕಟ್ಟಿ ಹಾರುತ್ತದೆ, ಮಾಡಿದ ಕೆಲಸ ದಂಡ. ಹುಳುವಿನೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಕಣಜಗಳೂ ನಮ್ಮ ತೋಟಗಳಲ್ಲಿವೆ. ಕಂಡದ್ದಕ್ಕೆಲ್ಲ ಸಿಂಪಡಿಸಿದರೆ ಮೊದಲು ಸಾಯುವುದು ಅವು.

ಮೊಟ್ಟೆಯಿಂದ ಪತಂಗವಾಗಲು ಎಷ್ಟು ದಿನ ಬೇಕು?

ಸುಮಾರು ಒಂದು ತಿಂಗಳು, ಚಳಿಯಲ್ಲಿ ಇನ್ನೂ ಹೆಚ್ಚು. ಮೊಟ್ಟೆಗೆ ಒಂದು ವಾರದ ಒಳಗೆ, ಹುಳುವಿಗೆ ಎರಡು ಮೂರು ವಾರ, ಕೋಶಕ್ಕೆ ಒಂದು ವಾರ ಅಥವಾ ತುಸು ಹೆಚ್ಚು. ಹುಳು ಐದು ಹಂತಗಳಲ್ಲಿ ಬೆಳೆಯುತ್ತದೆ. ವರ್ಷದಲ್ಲಿ ಹಲವು ಪೀಳಿಗೆ. ಶುಂಠಿಯಲ್ಲಿ ಇದರ ಕಾಟ ಹೆಚ್ಚುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ.

ರೆಕ್ಕೆಯ ಹುಡಿ ಕಣ್ಣಿಗೆ ಬಿದ್ದರೆ ಕುರುಡಾಗುತ್ತದೆಯೇ?

ಇಲ್ಲ. ಯಾವ ಹುಡಿ ಬಿದ್ದರೂ ಕಣ್ಣು ಉರಿಯುತ್ತದೆ, ನೀರಿನಲ್ಲಿ ತೊಳೆಯಿರಿ.

ಇದನ್ನು ನೋಡಲು ಯಾವಾಗ, ಎಲ್ಲಿ ಕಾಯಬೇಕು?

ರಾಷ್ಟ್ರೀಯ ಪತಂಗ ಸಪ್ತಾಹ ಎಂದು ಜಗತ್ತಿನ ಹಲವೆಡೆ ಆಚರಿಸುವುದು ಜುಲೈ ಕೊನೆಯ ವಾರ. ಅಮೆರಿಕದಲ್ಲಿ ಶುರುವಾದ ಆ ತಾರೀಖು ಅಲ್ಲಿನ ಬೇಸಿಗೆಗೆ ಸರಿ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯಲ್ಲಿ ಜುಲೈ ಕೊನೆಗೆ ಬಿಳಿ ಬಟ್ಟೆ ಕಟ್ಟಿ ನಿಂತರೆ ಒದ್ದೆಯಾಗುವುದು ನೀವೇ. ನಮಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳ್ಳೆಯದು, ಚಂದ್ರನಿಲ್ಲದ, ಗಾಳಿಯಿಲ್ಲದ, ಸೆಕೆಯ ರಾತ್ರಿಗಳಾದರೆ ಇನ್ನೂ ಒಳ್ಳೆಯದು. ನೇರಳಾತೀತ ಕಿರಣ ಬೀರುವ ದೀಪಕ್ಕೆ ಪತಂಗಗಳು ಹೆಚ್ಚು ಬರುತ್ತವೆ. ಜಗಲಿಯ ಹಳದಿ ಎಲ್‌ಇಡಿ ಬಲ್ಬಿಗೆ ಅಷ್ಟಾಗಿ ಬರುವುದಿಲ್ಲ. ಶೆಟ್ಟಿಹಳ್ಳಿ, ಶರಾವತಿಯಂಥ ಅಭಯಾರಣ್ಯಗಳೊಳಗೆ ಅನುಮತಿಯಿಲ್ಲದೆ ದೀಪ ಹಚ್ಚಲು, ಕೀಟ ಹಿಡಿಯಲು ಹೋಗಬೇಡಿ. ಈ ಪತಂಗಕ್ಕಂತೂ ಕಾಡಿಗೆ ಹೋಗುವ ಅಗತ್ಯವೇ ಇಲ್ಲ, ಶುಂಠಿ ಗದ್ದೆಯ ಪಕ್ಕದ ಅಂಗಳ ಸಾಕು.

ಚಿತ್ರ ತೆಗೆಯುವಾಗ ಏನು ಗಮನಿಸಬೇಕು?

ನೇರ ಮೇಲಿನಿಂದ ಒಂದು, ರೆಕ್ಕೆ ಮತ್ತು ಉದರದ ತುದಿ ಪೂರ್ತಿ ಬರುವಂತೆ. ಪಕ್ಕದಿಂದ ಒಂದು, ಮುಖ ಮತ್ತು ಕಾಲು ಕಾಣುವಂತೆ. ಅಳತೆಗೆ ಪಕ್ಕದಲ್ಲಿ ಸ್ಕೇಲು ಅಥವಾ ಒಂದು ರೂಪಾಯಿ ನಾಣ್ಯ. ಫ್ಲ್ಯಾಶ್ ಹಾಕಿದರೆ ಹಳದಿ ಬಿಳಿಯಾಗಿ ಸುಟ್ಟುಹೋಗುತ್ತದೆ, ಬೇರೆಯವರು ಟಾರ್ಚ್ ಓರೆಯಾಗಿ ಹಿಡಿದರೆ ಚುಕ್ಕಿಗಳು ಚೆನ್ನಾಗಿ ಬರುತ್ತವೆ. ಚಿತ್ರದ ಜೊತೆ ಊರು, ತಾರೀಖು, ಸುತ್ತಲಿನ ಬೆಳೆ ಬರೆಯಿರಿ. ದೀಪಕ್ಕೆ ಬಂದದ್ದೋ ಹುಳುವಿನಿಂದ ಸಾಕಿದ್ದೋ ಎಂಬುದನ್ನು ತಪ್ಪದೆ ಬರೆಯಿರಿ. ಬಣ್ಣ ತಿದ್ದಿದ ಚಿತ್ರ ಕಳುಹಿಸಬೇಡಿ.

ಹುಳುವನ್ನು ಮನೆಯಲ್ಲಿ ಸಾಕಿ ಪತಂಗ ಬರಿಸಬಹುದೇ?

ಸುಲಭ. ಹುಳುವಿರುವ ದಂಟಿನ ತುಂಡನ್ನು ಬಾಯಿಗೆ ತೆಳು ಬಟ್ಟೆ ಕಟ್ಟಿದ ಅಗಲ ಬಾಯಿಯ ಬಾಟಲಿಯಲ್ಲಿ ಇಡಿ. ತಳದಲ್ಲಿ ಹಳೆಯ ಪತ್ರಿಕೆಯ ಚೂರು. ದಂಟು ಕೊಳೆಯುವ ಮೊದಲೇ, ಎರಡು ಮೂರು ದಿನಕ್ಕೊಮ್ಮೆ, ಅದೇ ಗಿಡದ ಹೊಸ ದಂಟು ಹಾಕಿ. ಶುಂಠಿಯದಕ್ಕೆ ಶುಂಠಿ, ಏಲಕ್ಕಿಯದಕ್ಕೆ ಏಲಕ್ಕಿ. ನೀರು ಚಿಮುಕಿಸುವುದು ಬೇಡ, ಮಲೆನಾಡಿನ ಗಾಳಿಯಲ್ಲಿರುವ ತೇವವೇ ಬೂಷ್ಟು ಹಿಡಿಸಲು ಸಾಕು. ಕೆಲವೊಮ್ಮೆ ಪತಂಗದ ಬದಲು ಪುಟ್ಟ ಕಣಜ ಹೊರಬರುತ್ತದೆ. ಅದನ್ನು ಎಸೆಯದೆ ಅದರದ್ದೂ ಚಿತ್ರ ತೆಗೆದಿಡಿ.

ಸತ್ತ ಪತಂಗವನ್ನು ಗುರುತಿಗಾಗಿ ಪರಿಣತರಿಗೆ ಕೊಡುವುದಾದರೆ ಹೇಗೆ ಇಡಬೇಕು?

ಒಣಗಿಸಿ ಇಡಿ. ಇಡೀ ಪತಂಗವನ್ನು ಸ್ಪಿರಿಟ್ಟಿನಲ್ಲಿ ಮುಳುಗಿಸಿದರೆ ಹುರುಪೆ ಉದುರಿ ರೆಕ್ಕೆ ಹಾಳಾಗುತ್ತದೆ. ಬೆಣ್ಣೆಕಾಗದವನ್ನು ತ್ರಿಕೋನವಾಗಿ ಮಡಚಿ ಅದರೊಳಗೆ ಇಟ್ಟು, ಆ ಮಡಿಕೆಯನ್ನು ಗಟ್ಟಿ ಡಬ್ಬಿಯಲ್ಲಿ ಹಾಕಿ, ಇರುವೆ ಬಾರದ ಕಡೆ ಇಡಬೇಕು. ಡಿಎನ್‌ಎ ಪರೀಕ್ಷೆಗೆ ಒಂದೆರಡು ಕಾಲುಗಳೇ ಸಾಕು; ಅವನ್ನು ಮಾತ್ರ ಬೇರ್ಪಡಿಸಿ ಶುದ್ಧ ಆಲ್ಕೋಹಾಲ್ ಇರುವ ಪುಟ್ಟ ಶೀಷೆಯಲ್ಲಿ ಹಾಕಿ, ಶೀಷೆಗೂ ಮಡಿಕೆಗೂ ಒಂದೇ ಗುರುತಿನ ಸಂಖ್ಯೆ ಕೊಡಿ. ಉದರವನ್ನು ಮುರಿಯದಂತೆ ನೋಡಿಕೊಳ್ಳಿ, ಜನನಾಂಗದ ಪರೀಕ್ಷೆ ನಡೆಯುವುದು ಅದರ ತುದಿಯಲ್ಲೇ. ಚೀಟಿಯಲ್ಲಿ ಊರು, ತಾಲ್ಲೂಕು, ತಾರೀಖು, ಹಿಡಿದವರ ಹೆಸರು, ಹುಳು ಸಿಕ್ಕ ಗಿಡ ಇಷ್ಟನ್ನೂ ಬರೆಯಿರಿ. ಪೆನ್ನಿನಲ್ಲಿ ಬೇಡ, ಆಲ್ಕೋಹಾಲ್ ತಾಗಿದರೆ ಶಾಯಿ ಕರಗಿಹೋಗುತ್ತದೆ. ಸೀಸದ ಕಡ್ಡಿಯಲ್ಲಿ ಬರೆಯಿರಿ.